ಲಾಭ, ಎರಡು, ಮೂರು

ಗುಲಾಬಿ ತಾಂಡೇಲ ಎಣಿಸುವಾಗ ಒಂದು ಎನ್ನುವುದಿಲ್ಲ.
ಲಾಭ, ಎನ್ನುತ್ತಾಳೆ. ಆಮೇಲೆ ಎರಡು, ಮೂರು.
ನಲವತ್ತು ವರ್ಷ ಬೈತಖೋಲದಿಂದ ಬುಟ್ಟಿ ಹೊತ್ತು
ಕೋಡಿಬಾಗದ ಮೆಟ್ಟಿಲು ಮೆಟ್ಟಿಲಿಗೂ
ಹೀಗೇ ಎಣಿಸಿ ಕೊಟ್ಟವಳು; ಕೊಸರಿಗೆ ಮೇಲೊಂದು.
ಈಗ ನಮ್ಮ ಕಾರ್ಖಾನೆಯ ತೂಕದ ಕಟ್ಟೆ ಗುಡಿಸುತ್ತಾಳೆ.

ನಾನು ಅಲ್ಲಿ ಗುಮಾಸ್ತ. ನನ್ನ ಲೆಕ್ಕ ಸೊನ್ನೆಯಿಂದ ಶುರು.
ಲಾರಿ ಹತ್ತುತ್ತದೆ, ಕೆಂಪು ಅಂಕಿ ಓಡುತ್ತದೆ, ನಿಲ್ಲುತ್ತದೆ.
ಚೀಟಿಯಲ್ಲಿ ಮೀನಿಗೆ ಹೆಸರಿಲ್ಲ, ಕಚ್ಚಾ ಮಾಲು ಅಷ್ಟೆ.
ತಾರ್ಲೆಯ ಮರಿ, ಇನ್ನೂ ಪಟ್ಟೆ ಮೂಡದ ಬಂಗಡೆಯ ಮರಿ,
ಲೇಪೆ, ಏಡಿಯ ಕಾಲು, ಒಮ್ಮೆ ಯಾರದೋ ಚಪ್ಪಲಿ,
ಎಲ್ಲ ಒಂದೇ ಹಂಡೆಯಲ್ಲಿ ಬೇಯುತ್ತವೆ.
ನಾಲ್ಕೂವರೆ ಕಿಲೋ ಒಳಗೆ ಹೋದರೆ ಒಂದು ಕಿಲೋ ಹಿಟ್ಟು.
ಉಳಿದದ್ದು? ಎಂದು ಕೇಳಿದ್ದಳು, ಬಂದ ಮೊದಲ ವಾರ.
ಎಣ್ಣೆ, ನೀರು, ಆವಿ, ಎಂದೆ.
ಮೂಗಿಗೆ ಸೆರಗು ಒತ್ತಿಯೇ ನಕ್ಕಳು:
"ಆವಿಯ ಪಾಲು ಊರಿಗೆ ಬಂತು ಬಿಡು, ಶಾಲೆ ಮಕ್ಕಳಿಗೂ."

ಬಾಯ್ಲರಿಗೆ ಗೇರುಬೀಜದ ಸಿಪ್ಪೆ. ಹಸಿರು ಇಂಧನ
ಎನ್ನುತ್ತದೆ ಗೇಟಿನ ಬೋರ್ಡು. ಮಾಲಿನ್ಯದ ಸಾಹೇಬರು ಬರುವ ದಿನ
ಚಿಮಣಿಗೆ ಉಪವಾಸ.
ಹಿಂದಿನ ಹಳ್ಳ ಕಾಮನಬಿಲ್ಲು ಹೊದ್ದು ಮಲಗಿರುತ್ತದೆ.
ಕೊಕ್ಕರೆ ಅಲ್ಲಿ ಇಳಿಯುವುದನ್ನು ಬಿಟ್ಟು ಎರಡು ಮಳೆಗಾಲ.

ಹಿಟ್ಟಿನ ಚೀಲ ಹೊರಡುವುದು ಸಿಗಡಿ ಕೆರೆಗಳಿಗೆ.
ಅದರಲ್ಲೊಂದು ಅವಳ ತಂಗಿಯ ಗಂಡನದು, ಕುಮಟೆಯ ಗಜನಿಯಲ್ಲಿ;
ಮೊದಲು ಅಲ್ಲಿ ಕಗ್ಗ ಭತ್ತ
ಉಪ್ಪುನೀರಿನ ಜೊತೆ ಜಗಳವಾಡದೆ ಬೆಳೆಯುತ್ತಿತ್ತು.
ಸಿಗಡಿ ಬಲಿತು, ಮಂಜುಗಡ್ಡೆ ಹೊದ್ದು, ಹಡಗು ಹತ್ತುತ್ತದೆ.
ತಲೆಗಳು ಮಾತ್ರ ಸುಲಿಯುವ ಶೆಡ್ಡಿನಿಂದ
ನಮ್ಮ ಲಾರಿಯಲ್ಲೇ ವಾಪಸು.
ಅವನ್ನೂ ನಾನೇ ತೂಗುತ್ತೇನೆ.

ಸಂಜೆ ಪೇಟೆಯಲ್ಲಿ ಒಮಾನಿನ ತಾರ್ಲೆ ಕೊಳ್ಳುತ್ತೇನೆ.
ಕಲ್ಲಿನಂಥದು. ನೀರಲ್ಲಿ ಬಿಡಬೇಕು ಅರ್ಧ ತಾಸು,
ಒಂದನ್ನೊಂದು ಬಿಡಲಿ ಎಂದು.

ಮೊನ್ನೆ ಮಧ್ಯಾಹ್ನ ಕರೆಂಟು ಹೋಯಿತು.
ಡ್ರೈವರುಗಳು ಬೀಡಿ ಹಚ್ಚಿದರು.
ಗುಲಾಬಿ ಕಟ್ಟೆಯ ಮೇಲೇ ಕುಕ್ಕರಿಸಿ,
ಹಿಂದಿನ ಲಾರಿ ಚೆಲ್ಲಿಹೋದ ಮರಿಗಳನ್ನು,
ಕಿರುಬೆರಳಿಗಿಂತ ಗಿಡ್ಡ, ಒಂದೊಂದೇ ಸಾಲಿಗೆ ಹಚ್ಚತೊಡಗಿದಳು.
ಏನಕ್ಕೆ? ಎಂದೆ.
"ಯಾರೂ ಎಣಿಸಲೇ ಇಲ್ಲವಲ್ಲ ಇವನ್ನ."
ನೂರಾದಾಗ ಜಲ್ಲಿಕಲ್ಲೊಂದನ್ನು ಪಕ್ಕಕ್ಕಿಟ್ಟು
ಮತ್ತೆ: ಲಾಭ.

ಕರೆಂಟು ಬಂತು. ಅಂಕಿ ಮಿಣುಕಿ ನಲವತ್ತಕ್ಕೆ ನಿಂತಿತು.
ಖಾಲಿ ಕಟ್ಟೆಗೆ ನಲವತ್ತು ಕಿಲೋ ಎಲ್ಲಿಂದ ಬಂತೋ,
ಒಳಗಿನಿಂದ ಮ್ಯಾನೇಜರು ಕೂಗಿದರು, ಸೊನ್ನೆ ಮಾಡು,
ಲಾರಿ ಕಾಯ್ತಿದೆ.
ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದೆ.
ಅವಳು ಅರವತ್ತೇಳರಲ್ಲಿದ್ದಳು.