ಕಪ್ಪು ಕಲೆಸುವ ಪಾಠ

ಮೊದಲು ಬ್ರಷ್ಷು ಹಿಡಿಯುವುದು.
ಚಮಚದ ಹಾಗಲ್ಲ ಗೇಗಾ, ಸುತ್ತಿಗೆಯ ಹಾಗಂತೂ ಅಲ್ಲ,
ಅಜ್ಜಿ ಕಲೆಸಿದ ಹಿಟ್ಟಿನಿಂದ ಕೂದಲೊಂದನ್ನು
ಎಳೆದು ತೆಗೆಯುತ್ತಾಳಲ್ಲ,
ಆ ಬೆರಳುಗಳು, ಅಷ್ಟೇ ಬಲ.
ನೀರಿಗದ್ದು, ಲೋಟದ ಅಂಚಿಗೆ ಒರೆಸು,
ಒಮ್ಮೆ ಈ ಕೆನ್ನೆ, ಒಮ್ಮೆ ಆ ಕೆನ್ನೆ.
ನೀರಲ್ಲೇ ನಿಲ್ಲಿಸಿ ಮನೆಗೆ ಓಡಬೇಡಿ,
ರಾತ್ರಿಯಿಡೀ ತಲೆಕೆಳಗಾಗಿ ನಿಂತರೆ
ಯಾರ ಕೂದಲಾದರೂ ಕೆಡುತ್ತದೆ.

ಹನ್ನೊಂದು ಮಕ್ಕಳು, ಒಂಬತ್ತು ಬ್ರಷ್ಷು.
ಗಣಿ ಕಚೇರಿ ಎಸೆದ ಹಳೆಯ ನಕ್ಷೆಗಳ ಬೆನ್ನೇ ನಮ್ಮ ಕಾಗದ;
ಬೆಳಕಿಗೆ ಹಿಡಿದರೆ ಹೂವಿನ ಕೆಳಗೆ ಸುರಂಗ,
ನಾಲ್ಕನೇ ಮಟ್ಟ, ಗಾಳಿಯ ಕೊಳವೆ, ಬಾಣದ ಗುರುತು.

ಹಳದಿ ಮೊದಲು. ಅದು ಬಡಪಾಯಿ,
ನೀಲಿಯ ಒಂದು ಹನಿ ಸಾಕು ಅದನ್ನು ನುಂಗಲು.
ಕಲೆಸಿದಳು ನುತ್ಸಾ, "ಹಸಿರು!" ಎಂದು ಕಿರುಚಿದಳು,
ಜಗತ್ತಿನಲ್ಲಿ ಅದುವರೆಗೆ ಹಸಿರೇ ಇರಲಿಲ್ಲ ಎಂಬಂತೆ.

ಕಪ್ಪಿನ ಟ್ಯೂಬು ಮಾತ್ರ ಬೀರುವಿನಲ್ಲಿ,
ಕೀಲಿ ನನ್ನ ಕೊರಳಲ್ಲಿ.
ಇಪ್ಪತ್ತಾರು ವರ್ಷದಿಂದ ಅದೇ ಕಟ್ಟುಪಾಡು:
ಕಪ್ಪು ಸೋಮಾರಿಗಳ ಬಣ್ಣ,
ನೆರಳಲ್ಲಿ ನೀಲಿ ಹುಡುಕಿ, ಕಂದು ಹುಡುಕಿ.
ಕುತೈಸಿಯಲ್ಲಿ ನನ್ನ ಮೇಷ್ಟ್ರು
ಬೆರಳ ಗೆಣ್ಣಿಗೆ ಬಾರಿಸಿ ಕಲಿಸಿದ್ದು.

"ಮಾಸ್, ಕಪ್ಪು ಬೇಕು," ಎಂದ ಬಾಚೋ.
ಅವನು ಮಾತಾಡುವುದೇ ಅಪರೂಪ.
ಮೇಲಿನ ಕಾಲೊನಿಯಿಂದ ತಂತಿ ಮೇಲೆ ತೂಗುವ ಡಬ್ಬಿಯಲ್ಲಿ
ಒಬ್ಬನೇ ಇಳಿದು ಬರುತ್ತಾನೆ, ದಿನವೂ,
ಊರನ್ನು ಹಕ್ಕಿಯ ಹಾಗೆ ನೋಡುತ್ತ.
"ಯಾಕೆ?"
"ಹೊಳೆಗೆ."
ಹೊಳೆ ನೀಲಿ ಕಣೋ, ಎಂದೆ,
ಬಾಯಿಪಾಠ ತಾನೇ ಬಂತು.
ಅವನು ಕಿಟಕಿಯತ್ತ ನೋಡಿದ.
ನಾನೂ.
ಅಲ್ಲಿ ಕ್ವಿರಿಲಾ, ಮ್ಯಾಂಗನೀಸ್ ತೊಳೆದ ನೀರು ಹೊತ್ತು
ಬಾಣಲೆಯ ತಳದಷ್ಟು ಕಪ್ಪಗೆ, ಅವಸರವಿಲ್ಲದೆ.

ಇಪ್ಪತ್ತಾರು ವರ್ಷ. ಮುನ್ನೂರಾದರೂ ನೀಲಿ ಹೊಳೆಗಳು.
ಎಲ್ಲದರ ಮೂಲೆಯಲ್ಲೂ "ಚೆನ್ನಾಗಿದೆ" ಎಂದು
ಕೆಂಪು ಶಾಯಿಯಲ್ಲಿ ಬರೆದ ಕೈ ಇದೇ.

ಬೀಗ ತೆಗೆದೆ.
ಟ್ಯೂಬು ಒಣಗಿ ಕಲ್ಲಾಗಿತ್ತು.

ಮರುದಿನ ದಡದಿಂದ ಒಂದು ಡಬ್ಬಿ ಕೆಸರು ತಂದೆ,
ಒಲೆಯ ಪಕ್ಕ ಒಣಗಿಸಿದೆ,
ಮಕ್ಕಳನ್ನು ಅಂಗಳಕ್ಕಟ್ಟಿ, ಮೂಗಿಗೆ ಶಾಲು ಬಿಗಿದು
ಬಾಟಲಿಯ ತಳದಲ್ಲಿ ಅರೆದೆ. ಹಳೆಯ ಕಾಲುಚೀಲದಲ್ಲಿ ಜರಡಿ.
ಅರೆಯುವುದು ಅವರ ಪಾಠವಲ್ಲ,
ಅವರಪ್ಪಂದಿರು ರಾತ್ರಿ ಕೆಮ್ಮುವುದು ಇಂಥ ಪುಡಿಯನ್ನೇ.

ಮಕ್ಕಳ ಪಾಠ ಮೊಟ್ಟೆ.
ಒಡೆ. ಬಿಳಿಯನ್ನು ಬೆರಳ ಸಂದಿಯಲ್ಲಿ ಸೋರಲು ಬಿಡು.
ಈಗ ಹಳದಿ ಗೋಲಿ ಅಂಗೈಯಿಂದ ಅಂಗೈಗೆ,
ಮೆಲ್ಲಗೆ, ಪ್ರತಿ ಸಲ ಒಣಗಿದ ಕೈಗೆ,
ನಿದ್ದೆ ಹೋದ ಮರಿಯನ್ನು ಸಾಗಿಸಿದಂತೆ.
ಗೇಗಾನದು ಚಪ್ಪಲಿಯ ಮೇಲೆ ಬಿತ್ತು.
ಎಲೆನೆಯದು ತೋಳಿನುದ್ದಕ್ಕೂ.
ಬಾಚೋನದು ಉಳಿಯಿತು; ಪೊರೆ ಚಿವುಟಿ ಎತ್ತಿ, ಸೂಜಿಯಿಂದ ಚುಚ್ಚಿ,
ಒದ್ದೆ ಮಾಡಿಟ್ಟ ಕಪ್ಪಿನ ಮೇಲೆ ಸುರಿದೆವು.
ಎರಡು ಹನಿ ನೀರು. ಕಲೆಸು. ಇನ್ನೂ ಕಲೆಸು.

ಅವನು ಬರೆದ.
ದಪ್ಪಗಿದ್ದಲ್ಲಿ ಕಪ್ಪು, ನೀರಾದಲ್ಲಿ ಕಂದು,
ಅಂಚಿನಲ್ಲಿ ಹೆಸರಿಲ್ಲದ ಏನೋ ಒಂದು.
ಕಿಟಕಿಗೆ ಅಂಟಿಸಿದಾಗ ಸುರಂಗದ ಗೆರೆಗಳು
ಹೊಳೆಯ ಒಳಗಿಂದ ಎದ್ದು ಬಂದವು,
ಬಾಣಗಳೂ.
ಮೂಲೆಯಲ್ಲಿ ನಾನು ಏನನ್ನೂ ಬರೆಯಲಿಲ್ಲ.

ಬ್ರಷ್ಷು ತೊಳೆದ ಲೋಟ ಹಿಡಿದು ನಿಂತಿದ್ದ:
"ಮಾಸ್, ಇದನ್ನ ಎಲ್ಲಿ ಚೆಲ್ಲಲಿ?"
ನಮ್ಮ ಬಚ್ಚಲಿನ ಕೊಳವೆ ಎಲ್ಲಿಗೆ ಹೋಗುತ್ತದೆಂದು
ಊರಿಗೆಲ್ಲ ಗೊತ್ತು, ಆರು ವರ್ಷದವನಿಗೂ.
ಇಲ್ಲಿ ಕೊಡು, ಎಂದೆ. ಕೆಳಗೆ ಕೂರಲಿ. ನಾಳೆ ನೋಡೋಣ.

ಬೆಳಿಗ್ಗೆ ತಳದಲ್ಲಿ ಅರ್ಧ ಬೆರಳು ಕಪ್ಪು,
ಮೇಲೆ ನೀರು, ಪೂರ್ತಿ ತಿಳಿಯಲ್ಲ, ಮೊಟ್ಟೆಯ ಮಬ್ಬು,
ಆದರೂ ಆಚೆಯ ಬೆಟ್ಟ ಕಾಣುವಷ್ಟು.
ಅದರೊಳಗೆ ಒಂದು ಬ್ರಷ್ಷು, ತಲೆಕೆಳಗಾಗಿ.
ಮರೆತು ಹೋದವಳು ನಾನು.