ಹಗುರ ಮಾಡಿ ಎತ್ತುವುದು

ನಾಟಕದಲ್ಲಿ ನನಗೆ ಕೂಲಿಯವನ ಪಾತ್ರ.
ಕಂಪನಿಯಲ್ಲಿ ಕೂಲಿಗಳ ಲೆಕ್ಕ ಬರೆಯುವವನೂ ನಾನೇ
ಎಂದು ಜೂಲಿಯಾನಾಗೆ ಗೊತ್ತಿತ್ತು,
ಗೊತ್ತಿದ್ದೇ ಕೊಟ್ಟಳೋ ಏನೋ.
ಸಂಜೆಗೆ ನಮ್ಮ ನಿರ್ದೇಶಕಿ, ಹಗಲು ಆಸ್ಪತ್ರೆಯ ನರ್ಸು,
ಸೂಜಿ ಎಲ್ಲಿಗೆ ಚುಚ್ಚಬೇಕೆಂದು ಬಲ್ಲವಳು.

ವೇಷಕ್ಕೆ ಬಟ್ಟೆ ಕೇಳಲು ಘಾಲಾದ ಕ್ಯಾಂಪಿಗೆ ಹೋದೆ.
ಆರು ವರ್ಷ ಸಂಬಳದ ಹಾಳೆ ಕಳಿಸಿದ್ದೇನೆ ಅಲ್ಲಿಗೆ,
ಕಾಲಿಟ್ಟದ್ದು ಅದೇ ಮೊದಲು.
ಒಂದು ಕೋಣೆ, ಮೇಲೆ ಕೆಳಗೆ ಹನ್ನೆರಡು ಮಂಚ,
ಹೊರಗೆ ಏಸಿ ತೊಟ್ಟಿಕ್ಕುವಲ್ಲಿ ಪೇಂಟಿನ ಡಬ್ಬಿ,
ಡಬ್ಬಿಯಲ್ಲಿ ಯಾರೋ ನೆಟ್ಟ ಪುಂಡಿಪಲ್ಲೆ.

ಸಾವಿರದ ನಾನೂರ ಏಳು,
ನನ್ನ ಹಾಳೆಯಲ್ಲಿ ಅಷ್ಟೇ ಇದ್ದದ್ದು,
ಮಂಚದಿಂದ ಇಳಿದು ದೇವಿಂದ್ರಪ್ಪನಾದ. ಯಾದಗಿರಿ ಕಡೆಯವನು.
ಒಗೆದ ಕವರಾಲ್ ಮಡಚಿ ಕೊಟ್ಟ.
ಒಗೆದರೂ ಬೆನ್ನ ಮೇಲೆ ಉಪ್ಪಿನ ಗೆರೆ,
ಅಲೆ ಹಿಂದೆ ಸರಿದ ಮೇಲೆ ಮರಳಲ್ಲಿ ಉಳಿಯುವಂಥದ್ದು.
"ದೂರಕ್ಕ ಕಾಣಂಗಿಲ್ಲ ಬಿಡ್ರಿ" ಅಂದ.

ಗುರುವಾರ ರಾತ್ರಿ ತಾಲೀಮಿಗೂ ಬಂದ.
ಖಾಲಿ ಸಿಮೆಂಟ್ ಚೀಲಕ್ಕೆ ದಿಂಬಿನ ಹತ್ತಿ ತುಂಬಿ
ನಾನು ಎತ್ತಿದೆ: ಹಲ್ಲು ಕಚ್ಚಿ, ಮೊಣಕಾಲು ನಡುಗಿಸಿ,
ಕುತ್ತಿಗೆಯ ನರ ಉಬ್ಬಿಸಿ.
ಚಪ್ಪಾಳೆ. ಯಾರೋ ಕಣ್ಣೊರೆಸಿಕೊಂಡರು.
ಬಾಗಿಲ ಬಳಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತವನಿಗೆ
ನಗು.

"ಸರ, ಅಷ್ಟು ಭಾರ ತೋರಿಸಬ್ಯಾಡ್ರಿ.
ಫೋರಮನ್ ನೋಡ್ಲಕತ್ತಿರ್ತಾನ.
ಭಾರ ಅಂತ ಮಾರಿ ಮ್ಯಾಲೆ ಬಂತಂದ್ರ
ನಾಳಿ ನನ್ನ ಜಾಗಾಕ್ಕ ಬ್ಯಾರೆಯವ.
ಐವತ್ತು ಕಿಲೋ ಇದ್ರೂ ಇಪ್ಪತ್ತೇ ಅದ ಅನ್ನಂಗ ಎತ್ತಬೇಕು,
ಎತ್ತಿ, ಒಂದು ಸೀಟಿ ಹೊಡೀಬೇಕು."

ಹೊಡೆದು ತೋರಿಸಿದ.
ಹತ್ತಿಯ ಚೀಲ ಹೆಗಲಿಗೇರಿದಾಗ ಮಾತ್ರ
ನಿಜದ ಹಗುರ ಅಭ್ಯಾಸವಿಲ್ಲದೆ
ಒಂದು ಹೆಜ್ಜೆ ತೂರಾಡಿದ.

ಮನೆಗೆ ವಿಡಿಯೋ ಮಾಡುವುದು
ಮಾಲ್‌ನ ಕಾರಂಜಿ ಮುಂದೆ ನಿಂತೇ ಅಂತೆ.
ಪ್ರತಿ ಶುಕ್ರವಾರ ಹೌಸ್‌ಫುಲ್,
ಹೆಂಡತಿ, ಎರಡು ಮಕ್ಕಳು, ಇಣುಕುವ ಓಣಿಯವರು.
ನನಗಿಂತ ಹಳೆಯ ನಟ.

ಪ್ರಯೋಗದ ದಿನ ನಾನು ಚೀಲ ಎತ್ತಿ ಸಿಳ್ಳೆ ಹೊಡೆದೆ.
ಸಭೆಗೆ ಗಲಿಬಿಲಿ. ಅಳುವುದಕ್ಕೆ ಜಾಗ ಸಿಗಲಿಲ್ಲ.
ಮುಂದಿನ ಸಾಲಿನಲ್ಲಿ ನಮ್ಮ ಮ್ಯಾನೇಜರರು ಫೋನ್ ತೆಗೆದರು.
ಕೊನೆಯ ಸಾಲಿನಿಂದ ಮರಳಿ ಒಂದು ಸಿಳ್ಳೆ ಬಂತು,
ಮುಖದ ಮೇಲೆ ಲೈಟು, ಯಾರೆಂದು ಕಾಣಲಿಲ್ಲ.
ಬಣ್ಣ ತೊಳೆದು ಹೊರಬರುವಷ್ಟರಲ್ಲಿ
ಕ್ಯಾಂಪಿನ ಬಸ್ಸು ಹೋಗಿತ್ತು.

ಕವರಾಲ್ ಇನ್ನೂ ನನ್ನ ಕಾರಿನ ಡಿಕ್ಕಿಯಲ್ಲೇ ಇದೆ.

ತಿಂಗಳ ಕೊನೆ.
ಸಾವಿರದ ನಾನೂರ ಏಳು: ಒಂದು ದಿನ ಗೈರು.
ಜ್ವರವಂತೆ, ಡಾಕ್ಟರ ಚೀಟಿ ಇಲ್ಲ.
ಕಡಿತ, ನಾಲ್ಕು ರಿಯಾಲ್ ಇನ್ನೂರು ಬೈಸಾ.
ಪೆನ್ನು ಇದ್ದಲ್ಲೇ ಕಲ್ಲಾಯಿತು.
ಗಾಜಿನ ಆಚೆಯಿಂದ ಮ್ಯಾನೇಜರರು ಇತ್ತಲೇ ನೋಡುತ್ತಿದ್ದರು.
ಎತ್ತಿದೆ,
ಹಗುರವೇ ಇದೆ ಅನ್ನುವಂತೆ.
ಸಿಳ್ಳೆಗೆ ತುಟಿ ಒಣಗಿತ್ತು.