ಊರು ತಿಳಿಯದ್ದು

ಯಾದವಗಿರಿಯ ಮನೆ. ಹಿತ್ತಿಲ ಜಗಲಿಯಲ್ಲಿ
ಎರಡು ಸ್ಟೀಲಿನ ತಟ್ಟೆ, ಉಗುರುಬೆಚ್ಚಗಿನ ನೀರು.
ಹಳೇ ಟ್ರಂಕಿನಿಂದ ತೆಗೆದ ಲಕೋಟೆಯ ಮೂಲೆಗಳನ್ನು
ಮುಖ ಮೇಲೆ ಮಾಡಿ ತೇಲಿಬಿಡುತ್ತೇನೆ.
ಕಾಲು ಗಂಟೆ ಬೇಕು. ಕಿತ್ತರೆ ಹರಿಯುತ್ತದೆ,
ಅಂಟು ತಾನಾಗಿ ಬಿಡಬೇಕು.
ಇದು ನನ್ನ ಕೆಲಸ, ಸೋಮವಾರ, ಗುರುವಾರ.
ದಿನಕ್ಕೆ ಇಪ್ಪತ್ತು, ಹೆಚ್ಚಿಲ್ಲ. ಮಧ್ಯಾಹ್ನದ ಊಟ ಅಲ್ಲೇ.

ಧರಣೇಂದ್ರಯ್ಯನವರು ಹೊತ್ತು ಮುಳುಗುವ ಮುಂಚೆ ಉಂಡು
ಭೂತಗನ್ನಡಿ ಹಿಡಿದು ಕೂರುತ್ತಾರೆ.
ಸ್ಟಾಂಪಿನ ಚಿತ್ರ ಅವರಿಗೆ ಬೇಡ,
ರೈಲಿಗೂ ನವಿಲಿಗೂ ಕಣ್ಣರಳುವುದಿಲ್ಲ.
ಬೇಕಾದದ್ದು ಮೇಲೆ ಬಿದ್ದ ಕರಿ ಮುದ್ರೆ:
ಕಿರುಗಾವಲು, ಹಲಗೂರು, ಕೆರಗೋಡು, ಬಿಂಡಿಗನವಿಲೆ.
ಓದಲು ಬಂದ ಊರಿಗೊಂದು ಪುಟ,
ಪುಟದ ಕೆಳಗೆ ಪೆನ್ಸಿಲ್ಲಿನಲ್ಲಿ:
ಶಾಲೆಗೆ ಎರಡು ಕೋಣೆ. ಕುಡಿಯುವ ನೀರಿನ ಘಟಕ.
ಆಸ್ಪತ್ರೆಗೆ ಡಯಾಲಿಸಿಸ್ ಕುರ್ಚಿ, ನಾಲ್ಕು.
ಎಲ್ಲೂ ಅವರ ಹೆಸರಿನ ಕಲ್ಲಿಲ್ಲ.
ದಾನಕ್ಕೂ ಮುದ್ರೆಗೂ ಏನು ನಂಟೆಂದು
ಎರಡು ವರ್ಷ ನಾನೂ ಕೇಳಿರಲಿಲ್ಲ.

ಮೇಟಗಳ್ಳಿಯ ಶೆಡ್ಡಿನಲ್ಲಿ ಒಂದು ಯಂತ್ರ ಮಾಡಿದೆ, ಅಂದರು ಒಂದು ದಿನ.
ಡೈರಿಗೆ. ಹಾಲು ಸುರಿದರೆ ಕೆಂಪು ಅಂಕಿ ಹೊಳೆಯೋದು,
ಇಷ್ಟು ಹಾಲು, ಇಷ್ಟು ನೀರು.
ಹಂಸ ಅಂತ ಹೆಸರಿಟ್ಟೆ.
ಹಂಸಕ್ಕೆ ಹಳಗನ್ನಡದಲ್ಲಿ ಅಂಚೆ ಅಂತಾರೆ, ಗೊತ್ತಾ?
ತಮಾಷೆ ಅಂದುಕೊಂಡು ನಾನು ನಕ್ಕೆ. ಅವರು ನಗಲಿಲ್ಲ.
ಮೊದಲ ಮುನ್ನೂರು ಹಂಸಕ್ಕೆ ಚಳಿ ಆಗಿಬರುತ್ತಿರಲಿಲ್ಲ.
ಮಾರ್ಗಶಿರದ ಬೆಳಗ್ಗೆ ಗಟ್ಟಿ ಹಾಲಿಗೂ ನೀರು ಅನ್ನೋದು.
ಕಾಗದ ಬಂದವು, ಹಳ್ಳಿಗಳಿಂದ, ಗೋಣಿಚೀಲ ತುಂಬಾ.
ನಾನು ಓದಲಿಲ್ಲ.
ಹುಡುಗನಿಂದಲೂ ಸ್ಟಾಂಪಿನ ಚಪಲ. ಮೂಲೆ ಕತ್ತರಿಸಿಕೊಂಡು
ಉಳಿದದ್ದು ಹಂಡೆ ಒಲೆಗೆ ಹಾಕಿಸಿದೆ.
ಮುಂದಿನ ವರ್ಷ ಯಂತ್ರ ಸರಿಹೋಯಿತು. ಆಮೇಲೆ ಬರೀ ದುಡ್ಡು.

(ಕಂಪನಿಯನ್ನು ಪುಣೆಯವರು ಎಷ್ಟು ಕೋಟಿಗೆ ಕೊಂಡರು
ಅನ್ನುವುದು ಅವರು ಹೇಳಿದ್ದಲ್ಲ, ಡ್ರೈವರ್ ಜಿನ್ನಪ್ಪ ಹೇಳಿದ್ದು.)

ಕಪಾಟಿನಿಂದ ಬೆಣ್ಣೆಕಾಗದದ ಕವರು ತೆಗೆದರು.
ಮೇಲೆ ಅವರದೇ ಅಕ್ಷರ: ಊರು ತಿಳಿಯದ್ದು.
ಹನ್ನೊಂದಿವೆ. ನೀನೊಮ್ಮೆ ನೋಡು, ನಿನ್ನ ಕಣ್ಣು ಚುರುಕು.

ಏಳನೆಯದು ಬಿರಿದ ಹತ್ತಿಕಾಯಿಯ ಕಂದು ಸ್ಟಾಂಪು,
ಇನ್ನೂ ಕಾಗದಕ್ಕೇ ಅಂಟಿದೆ, ತಲೆಕೆಳಗಾಗಿ.
ಮುದ್ರೆ ಬರೀ ಮಸಿ.
ಅಂಚಿನಲ್ಲಿ ಪೆನ್ಸಿಲ್ ಗೆರೆಯ ತುದಿ,
ವಿಳಾಸ ಸೊಟ್ಟಾಗದಿರಲಿ ಎಂದು
ಏಳನೇ ಕ್ಲಾಸಿನವಳೊಬ್ಬಳು ಸ್ಕೇಲಿಟ್ಟು ಎಳೆದದ್ದು.

ಸ್ಟಾಂಪು ತಲೆಕೆಳಗಾದದ್ದು ಮಾತ್ರ ನನ್ನಿಂದಲ್ಲ.
ಅವ್ವ ಅಂಟಿಸಿದ್ದು. ಹತ್ತಿಕಾಯಿಗೆ ಮೇಲೇನು, ಕೆಳಗೇನು?
ಎಂಜಲು ಮಾಡಬಾರದೆಂದು ಮೊದಲು ಚೊಂಬಿನ ನೀರು ಸವರಿದಳು,
ಹಿಡಿಯಲಿಲ್ಲ.
ಆಮೇಲೆ ಅತ್ತಿತ್ತ ನೋಡಿ, ನೆಕ್ಕಿ,
ಬೆರಣಿ ತಟ್ಟುವ ಹಾಗೆ ಅಂಗೈಯಲ್ಲಿ ತಟ್ಟಿದಳು.

ತಟ್ಟೆಯ ನೀರು ಆರುತ್ತಿತ್ತು.
ಇದೊಂದನ್ನು ನಾನು ನೆನೆಸುವುದಿಲ್ಲ.

ಕಾಳೇನಕೊಪ್ಪಲು, ಅಂದೆ. ಪಾಂಡವಪುರದ ಕಡೆ.
ಅವರು ಹೊಸ ಪುಟ ತೆರೆದು ಪೆನ್ಸಿಲ್ ಹೆರೆದರು.
ಆ ಊರಿಗೆ ಏನು ಬೇಕಾಗಿದೆ?
ಮೊದ್ಲು ಕಾಗ್ದ ಕೇಳಿ ಸಾರ್.
ಕಾಗದ ಎಲ್ಲಿದೆ ಈಗ?
ಬರ್ದೋಳು ನಾನೇ. ಬಾಯ್ಗೆ ಬತ್ತದೆ.

ಹಂಸದ ಯಜಮಾನರಿಗೆ ಚಿಕ್ಕತಾಯಮ್ಮ ಮಾಡುವ ನಮಸ್ಕಾರಗಳು.
ನಾವು ಕ್ಷೇಮ. ತಮ್ಮ ಕ್ಷೇಮವನ್ನು ಬಯಸುತ್ತೇವೆ.
ನಮ್ಮ ಹಸುವಿನ ಹೆಸರು ಕೆಂದಿ. ಇದು ಎರಡನೇ ಕರು.
ಇಂದಿಗೆ ಒಂಬತ್ತು ದಿನದಿಂದ ಡೈರಿಯಲ್ಲಿ ನಮ್ಮ ಹಾಲನ್ನು ತಿರುಗಿಸುತ್ತಿದ್ದಾರೆ.
ಸಾಲಿನಲ್ಲಿ ನಿಂತವರು ನನ್ನನ್ನು ನೀರವ್ವ ಎನ್ನುತ್ತಾರೆ.
ನಾನು ನೀರು ಹಾಕಿಲ್ಲ.
ತಾವು ಒಂದು ದಿನ ಬೆಳಗಿನ ಜಾವ ಬಂದು
ಕೊಟ್ಟಿಗೆಯಲ್ಲಿ ಕುಳಿತು ಹಾಲು ಕರೆಯುವುದನ್ನು ನೋಡಬೇಕು.
ಬರುವುದನ್ನು ಮೊದಲೇ ತಿಳಿಸಿದರೆ
ಅಡಿಗೆ ಮಾಡಿರುತ್ತೇನೆ.
ಇಂತಿ,
ಹೆಬ್ಬೆಟ್ಟು.